ಹದಿನೇಳನೇ ಮರದ ಚಿಗುರು

ನಮ್ಮ ಸಸ್ಯಶಾಸ್ತ್ರದ ಮೇಷ್ಟ್ರು ಚಾಮುಂಡಿ ಬೆಟ್ಟದ ತಪ್ಪಲಿನ ಕಾಡಿನಲ್ಲಿ ಮೂವತ್ತು ಮರಗಳಿಗೆ ತಗಡಿನ ನಂಬರು ಕಟ್ಟಿದ್ದರು. ಯಾವ ಮರ ಯಾವಾಗ ಮೊಗ್ಗು ಬಿಟ್ಟಿತು, ಯಾವಾಗ ಚಿಗುರಿತು ಎಂದು ಒಂದು ಪುಸ್ತಕದಲ್ಲಿ ವರ್ಷಗಟ್ಟಲೆ ಬರೆದಿಟ್ಟಿದ್ದರು. ಬಿಸಿಲು ಏರುತ್ತಿದೆ, ಮಳೆ ಹೊತ್ತು ತಪ್ಪುತ್ತಿದೆ, ಕಾಡು ಇದನ್ನು ಎಷ್ಟು ದಿನ ತಡೆದೀತು ಎಂಬುದು ಅವರ ಪ್ರಶ್ನೆ. ನಿವೃತ್ತಿಗೆ ಮೊದಲು ಉತ್ತರ ಬೇಕಿತ್ತು. ತೊಂಬತ್ತರ ದಶಕದ ಕೊನೆಗೆ ಮಂಡಿನೋವು ಹೆಚ್ಚಾಗಿ, ಪ್ರತಿ ಶನಿವಾರ ಹೋಗಿ ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದರು. ತರಗತಿಯಲ್ಲಿ ನನ್ನ ಅಕ್ಷರವೇ ದುಂಡಗಿತ್ತು, ಬೇರೆ ಅರ್ಹತೆ ಏನೂ ಇರಲಿಲ್ಲ.

ಮೊದಲ ವರ್ಷ ಶ್ರದ್ಧೆಯಿಂದ ಹೋದೆ. ಆಮೇಲೆ ಹಳೆಯ ಪುಟ ತಿರುವಿ ನೋಡಿದರೆ, ಮರಗಳು ಹೆಚ್ಚುಕಡಿಮೆ ಅದೇ ವಾರಗಳಲ್ಲಿ ಅದನ್ನೇ ಮಾಡುತ್ತಿದ್ದವು! ಇದಕ್ಕೆ ಬಸ್ಸು ಹಿಡಿದು, ಮುಳ್ಳು ಗೀರಿಸಿಕೊಂಡು ಹೋಗಬೇಕೆ? ಹೋದ ವರ್ಷದ ತಾರೀಖುಗಳನ್ನೇ ಇಳಿಸಿದೆ. ಒಂದನ್ನು ಎರಡು ದಿನ ಹಿಂದಕ್ಕೆ, ಇನ್ನೊಂದನ್ನು ಮೂರು ದಿನ ಮುಂದಕ್ಕೆ. ನಡುನಡುವೆ ಪೆನ್ನು ಬದಲಿಸಿ, ಪುಟಕ್ಕೊಂದಿಷ್ಟು ಕೆಮ್ಮಣ್ಣು ಸವರುತ್ತಿದ್ದೆ. ಮಣ್ಣಿಗಂತೂ ಕೊರತೆ ಇರಲಿಲ್ಲ, ನಮ್ಮ ವಿಜಯನಗರ ಬಡಾವಣೆಯ ತುಂಬ ಮನೆ ಕಟ್ಟಲು ಪಾಯ ಅಗೆಯುತ್ತಿದ್ದರು.

"ಎಷ್ಟು ಶಿಸ್ತು ಕಣಮ್ಮ ನಿಂದು," ಎಂದು ಮೇಷ್ಟ್ರು ಹೊಗಳುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯ ಎಂದುಕೊಂಡರು.

ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ಬೇಸಿಗೆಯ ಕೊನೆಗೆ, ನಿವೃತ್ತಿ ಹತ್ತಿರವಾದಾಗ, ಮೇಷ್ಟ್ರು ಮಂಡಿಗೆ ಪಟ್ಟಿ ಸುತ್ತಿಕೊಂಡು, "ನಡಿ, ಹದಿನೇಳನೇ ಮರ ನೋಡ್ಕೊಂಡು ಬರೋಣ," ಎಂದರು. ಅದು ಅವರ ಮುದ್ದಿನ ಮುತ್ತುಗದ ಮರ. ನಾನು ಬಿಸಿಲಿನ ನೆಪ ಹೇಳಿದೆ, ಹಾವಿನ ನೆಪ ಹೇಳಿದೆ, ಬೆಟ್ಟದ ಬುಡದಲ್ಲಿ ಎರಡು ಸಲ ಚುರುಮುರಿ ಕೊಡಿಸಿದೆ. ಅವರು ತಿಂದು, ಕೈ ಒರೆಸಿಕೊಂಡು, ಹತ್ತಿಯೇಬಿಟ್ಟರು.

ಹದಿನೇಳನೇ ಮರ ನಿಂತಲ್ಲೇ ಒಣಗಿತ್ತು. ಕೊರಡಿನ ಮೇಲೆ ತಗಡು ಮಾತ್ರ ಹೊಳೆಯುತ್ತಿತ್ತು.

"ಹೋದ್ವಾರ ಚೆನ್ನಾಗೇ ಇತ್ತು ಸಾರ್," ಎಂದೆ.

ಅವರು ಉಗುರಿನಿಂದ ತೊಗಟೆ ಎಬ್ಬಿಸಿದರು. ಬೊಗಸೆಯಷ್ಟು ಗೆದ್ದಲು ಮಣ್ಣು ಉದುರಿತು. "ಒಂದ್ವಾರಕ್ಕೇ ಇಷ್ಟು ಕೆಲ್ಸ ಮಾಡ್ಬುಟ್ವಾ ಗೆದ್ಲು?" ಎಂದು, ಪುಸ್ತಕ ತೆರೆದು ನನ್ನ ದುಂಡಕ್ಷರ ಓದಿದರು: "ಹದಿನೇಳು. ತುಂಬು ಚಿಗುರು. ಆರೋಗ್ಯ ಉತ್ತಮ." ಆಮೇಲೆ ನಕ್ಕರು. "ನಿನ್ನ ಪುಸ್ತಕದ ಕಾಡು ಬಲೇ ಗಟ್ಟಿ ಕಣಮ್ಮ. ಮಳೆ ಬರದಿದ್ರೂ ಚಿಗುರುತ್ತೆ."

ನಾನೂ ನಗಲು ನೋಡಿದೆ. ಅಷ್ಟರಲ್ಲಿ ಅವರು ಮೆಲ್ಲಗೆ ಕೇಳಿದರು: "ಇದು ಚಿಗುರೋದು ನಿಲ್ಸಿದ್ದು ಯಾವಾಗ? ಹೋದ ವರ್ಷ ಮುಂಗಾರು ಕೈಕೊಟ್ಟಿದ್ಕೆ ಮುಂಚೆನಾ, ಆಮೇಲಾ?"

ನನಗೆ ಗೊತ್ತಿರಲಿಲ್ಲ. ಹೇಳಬಹುದಾಗಿದ್ದವಳು ನಾನೊಬ್ಬಳೇ. ಅವರು ಬೈಯಲಿಲ್ಲ, ನನ್ನ ಎರಡು ವರ್ಷದ ಪುಟಗಳ ಮೇಲೆ ಅಡ್ಡಗೆರೆ ಎಳೆದರು. ಮುಂದಿನ ತಿಂಗಳು ನಿವೃತ್ತರಾದರು, ಉತ್ತರವಿಲ್ಲದೆ.

ಈಗಲೂ ನಾಚಿಕೆಯಾಗುತ್ತದೆ. ಆ ಮರ ಬಿಸಿಲಿನಲ್ಲಿ ಒಂದೊಂದೇ ಕೊಂಬೆ ಒಣಗುತ್ತಿದ್ದಾಗ, ನಾನು ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಅದಕ್ಕೆ ಚಿಗುರು ಬರೆಯುತ್ತಿದ್ದೆ.