ಒಂದೇ ಹೆಸರಿನ ಇಬ್ಬರು

ಹದಿನಾಲ್ಕು ವರ್ಷ ಸ್ಕೂಲ್ ವ್ಯಾನ್ ಓಡಿಸಿದ ಮೇಲೆ ಅವಳ ಸ್ವಂತ ಹೆಸರು ಮೂಲೆ ಸೇರಿತ್ತು. ಮಕ್ಕಳಿಗೆ ಅವಳು ವ್ಯಾನಕ್ಕ. ಮಕ್ಕಳ ತಾಯಂದಿರಿಗೂ, ಶಾಲೆಯ ಗೇಟು ಕಾಯುವವನಿಗೂ ವ್ಯಾನಕ್ಕನೇ. ತಂದೆ ತಾಯಿ ಇಟ್ಟ ಹೆಸರು ಡ್ರೈವಿಂಗ್ ಲೈಸೆನ್ಸಿನ ಮೇಲೆ ಮತ್ತು ಹಳೇ ಸ್ಕೂಟರ್ ಸಾಲದ ಕಾಗದದ ಮೇಲೆ ಮಾತ್ರ ಉಳಿದಿತ್ತು.

ಆ ವರ್ಷ ವ್ಯಾನಿನ ಯಜಮಾನರಿಗೆ ಮಂಡಿನೋವು ಹೆಚ್ಚಾಗಿ, ವ್ಯವಹಾರ ಸಾಕೆನಿಸಿತು. ಒಂದು ಸಂಜೆ ಬೀಗದ ಕೈ ಒಪ್ಪಿಸಲು ಹೋದವಳನ್ನು ಕೂರಿಸಿ ಹೇಳಿದರು: “ಗಾಡಿ ಮಾರ್ತಾ ಇದೀನಿ. ನೀನೇ ತಗೋ. ಇದು ಯಾವಾಗ ಕೆಮ್ಮುತ್ತೆ, ಯಾವಾಗ ಮುನಿಸ್ಕೊಳ್ಳುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಿಂಗಳ ಕೊನೇವರೆಗೆ ಕಾಯ್ತೀನಿ.”

ಮೂರು ರಾತ್ರಿ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ. ನಾಲ್ಕನೆಯ ದಿನ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬ್ಯಾಂಕಿಗೆ ಹೋದಳು. ಸಾಲದ ಅಧಿಕಾರಿ ಅವಳ ಕಾಗದಗಳನ್ನೆಲ್ಲ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಕನ್ನಡಕ ಮೇಲೇರಿಸಿದರು.

“ನಿಮ್ಮ ಕ್ರೆಡಿಟ್ ಸ್ಕೋರ್ ತುಂಬ ಕಡಿಮೆ ಇದೆಯಮ್ಮ. ಎಲ್ಲೋ ಕಂತು ಕಟ್ಟದೆ ಬಿಟ್ಟಿದೀರಿ.”

“ನಾನಾ? ಸ್ಕೂಟರ್ ಸಾಲ ಬಿಟ್ರೆ ನಾನು ಇನ್ನೊಂದು ಸಾಲ ಮಾಡಿಲ್ಲ ಸರ್. ಅದರಲ್ಲೂ ಒಂದು ಕಂತೂ ಒಂದು ದಿನ ಹಿಂದೆ ಬಿದ್ದಿಲ್ಲ.”

“ನೀವು ಹೇಳೋದನ್ನ ನಾನು ನಂಬಬಹುದು. ಇದು ನಂಬಲ್ವಲ್ಲ.” ಅವರು ಪರದೆಯತ್ತ ಕೈ ತೋರಿಸಿದರು. ಆಮೇಲೆ ದನಿ ತಗ್ಗಿಸಿ, “ನಿಮ್ಮ ಕ್ರೆಡಿಟ್ ರಿಪೋರ್ಟನ್ನ ಆನ್‌ಲೈನಲ್ಲಿ ನೀವೇ ತೆಗೆದು ನೋಡಿ. ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತೆ,” ಎಂದರು.

ಅವಳ ಗಂಡ ಆಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದ. ದಿನವೆಲ್ಲ ಮೇಲೆ ಕೆಳಗೆ ಓಡಾಡಿದರೂ ಮನುಷ್ಯ ನಿಂತ ನೆಲ ಬಿಡುವವನಲ್ಲ, ಅಷ್ಟು ಸಮಾಧಾನಿ. ಅಂಥವನು ಕೂಡ ಅವತ್ತು ಊಟದ ತಟ್ಟೆಯ ಮುಂದೆ ಕೂತು ಕೇಳಿದ: “ನನಗೆ ಹೇಳದೆ ಎಲ್ಲಾದರೂ ಏನಾದರೂ ತಗೊಂಡಿದೀಯಾ? ತಗೊಂಡಿದ್ರೆ ಹೇಳು, ನಾನೇನೂ ಅನ್ನಲ್ಲ.”

ಬ್ಯಾಂಕಿನವರ ಮಾತಿಗೆ ಕೆಂಪಾಗದಿದ್ದ ಅವಳ ಮುಖ ಈಗ ಕೆಂಪಾಯಿತು. ಎದ್ದು ಪಾತ್ರೆ ತೊಳೆಯಲು ನಿಂತಳು. ಇಪ್ಪತ್ತೊಂದು ವರ್ಷ ಜೊತೆಗೆ ಬಾಳಿದವನಿಗೆ ಒಂದು ಅಂಕಿ ಕೇಳಿದ್ದೇ ತಡ, ತನ್ನ ಮೇಲೆ ಅನುಮಾನ ಬಂತಲ್ಲ ಎಂಬುದು ಎದೆಯಲ್ಲಿ ಮುಳ್ಳಿನಂತೆ ಕೂತಿತು. ತಾನಾಡಿದ್ದು ಸರಿಯಲ್ಲವೆಂದು ಅವನಿಗೂ ಹೊಳೆಯಿತು. ಟವೆಲ್ಲು ತಂದು, ಅವಳು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸುತ್ತ ಪಕ್ಕದಲ್ಲಿ ನಿಂತ.

ಮರುದಿನ ಮಧ್ಯಾಹ್ನ, ಮಕ್ಕಳನ್ನು ಬಿಟ್ಟು ಮತ್ತೆ ಕರೆತರುವ ನಡುವಿನ ಬಿಡುವಿನಲ್ಲಿ, ಅವಳು ನಾದಿನಿಯ ಹತ್ತಿರ ಹೋದಳು. ಗಂಡನ ತಂಗಿ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅರ್ಜಿ, ಫಾರಂ ಎಂದರೆ ಅವಳಿಗೆ ನೀರು ಕುಡಿದಷ್ಟು ಸಲೀಸು.

“ನಾವು ಹೀಗೆ ಇಣುಕಿ ನೋಡಿದ್ರೆ ಸ್ಕೋರ್ ಇನ್ನೂ ಕಡಿಮೆ ಆಗಲ್ವೇನೇ?” ವ್ಯಾನಕ್ಕ ಮೆತ್ತಗೆ ಕೇಳಿದಳು.

“ನಿಮ್ಮದು ನೀವೇ ನೋಡ್ಕೊಂಡ್ರೆ ಏನೂ ಆಗಲ್ಲ ಅತ್ತಿಗೆ. ಸಿಕ್ಕಸಿಕ್ಕ ಬ್ಯಾಂಕಿಗೆಲ್ಲ ಅರ್ಜಿ ಹಾಕಿದ್ರೆ ಮಾತ್ರ ತೊಂದರೆ. ಫೋನಿಗೆ ನಂಬರ್ ಬಂತಾ, ಹೇಳಿ.”

ನಂಬರ್ ಹಾಕಿದೊಡನೆ ಅರ್ಧಚಂದ್ರದಂತೆ ಒಂದು ಮೀಟರು ಮೂಡಿತು. ಮುಳ್ಳು ಕೆಂಪಿನಲ್ಲಿತ್ತು. ಪೆಟ್ರೋಲ್ ಬಂಕಿಗೆ ಗಾಡಿ ತಿರುಗಿಸಬೇಕಾದ ಕೆಂಪು ಅದು ಎಂದು ವ್ಯಾನಕ್ಕನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾದಿನಿ ಕೆಳಕ್ಕೆ ಸರಿಸುತ್ತ ಹೋದಳು. ಸ್ಕೂಟರ್ ಸಾಲ ಇತ್ತು, ಪೂರ್ತಿ ತೀರಿದೆ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲ: ಒಂದು ಫ್ರಿಜ್ಜಿನದು. ಐದು ತಿಂಗಳಿಂದ ಕಂತು ಬಾಕಿ.

“ನಮ್ಮನೆ ಫ್ರಿಜ್ಜು ನಮ್ಮಮ್ಮ ಕೊಡಿಸಿದ್ದು,” ಎಂದಳು ವ್ಯಾನಕ್ಕ.

“ಅತ್ತಿಗೆ, ಇಲ್ಲಿ ನೋಡಿ. ಈ ಸಾಲದ ಎದುರಿಗಿರೋ ಗುರುತಿನ ಚೀಟಿ ನಂಬರ್ ನಿಮ್ಮದಲ್ಲ. ಈ ವಿಳಾಸವೂ ನಿಮ್ಮದಲ್ಲ. ಐಸ್ ಫ್ಯಾಕ್ಟರಿ ಹಿಂದಿನ ರಸ್ತೆ, ಹದಿನೇಳನೇ ನಂಬರ್. ಹೆಸರು, ಅಪ್ಪನ ಹೆಸರು, ಹುಟ್ಟಿದ ತಾರೀಖು ಮಾತ್ರ ನಿಮ್ಮದೇ. ಯಾರದೋ ಸಾಲನ ನಿಮ್ಮ ಲೆಕ್ಕಕ್ಕೆ ಹಾಕಿದಾರೆ. ಇಲ್ಲೇ ದೂರು ಕೊಡೋ ಬಟನ್ ಇದೆ, ಒತ್ತಲಾ?”

ವ್ಯಾನಕ್ಕ ತಡೆದಳು. ಐಸ್ ಫ್ಯಾಕ್ಟರಿ ಹಿಂದಿನ ರಸ್ತೆಯಿಂದ ದಿನಾ ಇಬ್ಬರು ಮಕ್ಕಳನ್ನು ಹತ್ತಿಸಿಕೊಳ್ಳುತ್ತಿದ್ದಳು. ಅಷ್ಟು ಹತ್ತಿರದಲ್ಲಿ ಇದ್ದುಕೊಂಡು ತನ್ನ ಹೆಸರು ಕೆಡಿಸಿದವಳು ಯಾರೆಂದು ಒಮ್ಮೆ ಕಣ್ಣಾರೆ ನೋಡಬೇಕೆನಿಸಿತು.

ಮರುದಿನ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟು ನೇರ ಅಲ್ಲಿಗೆ ಹೋದಳು. ಹದಿನೇಳನೇ ನಂಬರು ಮಹಡಿಯ ಮೇಲಿನ ಒಂದೇ ಕೋಣೆ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆಯಿತು. ವ್ಯಾನಕ್ಕ ತನ್ನದೇ ಹೆಸರು ಹೇಳಿ, “ಅವರಿದಾರಾ?” ಎಂದಳು.

“ಇಲ್ಲ. ಊರಿಗೆ ಹೋಗಿದಾರೆ. ಬರೋದು ಹದಿನೈದು ದಿನ ಆಗುತ್ತೆ.”

“ಎಲ್ಲೂ ಹೋಗಿಲ್ಲಮ್ಮ, ನಿಮ್ಮ ಬಾಗಿಲಲ್ಲೇ ನಿಂತಿದೀನಿ. ಅದು ನನ್ನ ಹೆಸರು.”

ಒಳಗಿನ ಕಣ್ಣುಗಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದವು. “ವಸೂಲಿಯವರಲ್ವಾ ನೀವು?”

“ನಿಮ್ಮಿಂದ ವಸೂಲಿ ಮಾಡೋಕೆ ಆಗದೆ ನನ್ನ ಹೆಸರು ಹಿಡ್ಕೊಂಡಿದಾರೆ.”

ಬಾಗಿಲು ಪೂರ್ತಿ ತೆರೆಯಿತು. ಒಳಗಿದ್ದದ್ದು ಅದೇ ಹೆಸರಿನವಳು, ಲಾಂಡ್ರಿಯಲ್ಲಿ ಹೋಟೆಲುಗಳ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಬಲಗೈ ಮಣಿಕಟ್ಟು ಬಾತು, ಪಟ್ಟಿ ಸುತ್ತಿತ್ತು. ಒದ್ದೆ ನೆಲದ ಮೇಲೆ ಜಾರಿ ಮೂಳೆ ಮುರಿದು, ಐದು ತಿಂಗಳಿಂದ ಕೆಲಸವಿಲ್ಲ, ಸಂಬಳವಿಲ್ಲ. ಕಂತು ನಿಂತದ್ದು ಹಾಗೆ. ವ್ಯಾನಕ್ಕ ಬಾಯಿತುಂಬ ಬೈಯಬೇಕೆಂದು ಬಂದಿದ್ದಳು. ಆದರೆ ಎಡಗೈಯಲ್ಲೇ ಲೋಟ ತೊಳೆದು ನೀರು ಕೊಟ್ಟವಳನ್ನು ಬೈಯುವುದು ಹೇಗೆ? ರಿಪೋರ್ಟಿನ ಹಾಳೆ ತೆಗೆದು ತೋರಿಸಿದಳು.

ಲಾಂಡ್ರಿಯವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಸಣ್ಣಗೆ ನಕ್ಕಳು, ನಗೆ ಅರ್ಧಕ್ಕೇ ನಿಂತಿತು.

“ಫ್ರಿಜ್ಜು ತಗೊಳ್ಳೋವಾಗ ಅಂಗಡಿಯವನು ಹತ್ತೇ ನಿಮಿಷಕ್ಕೆ ಸಾಲ ಕೊಡಿಸಿದ. ‘ನಿಮ್ಮ ರೆಕಾರ್ಡ್ ತುಂಬ ಚೆನ್ನಾಗಿದೆಯಮ್ಮ, ಒಂದು ಕಂತೂ ತಪ್ಪಿಲ್ಲ’ ಅಂದ. ನಾನು ಅದಕ್ಕೆ ಮುಂಚೆ ಸಾಲನೇ ಮಾಡಿರಲಿಲ್ಲ. ಆದರೂ ಖುಷಿಯಾಯ್ತು. ನಿಮ್ಮದು ಚೆನ್ನಾಗಿದೆ ಅಂತ ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಅದು ನಿಮ್ಮ ಸ್ಕೂಟರಿನದು ಅಂತ ಈಗ ಗೊತ್ತಾಗ್ತಾ ಇದೆ.”

ವ್ಯಾನಕ್ಕ ಲೆಕ್ಕ ಹಾಕಿದಳು. ದೂರು ಕೊಟ್ಟರೆ ತನ್ನ ಒಳ್ಳೆ ರೆಕಾರ್ಡು ತನಗೆ ಬರುತ್ತದೆ, ಇವಳಿಗೆ ಬಾಕಿಯೊಂದೇ ಉಳಿಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದಳು.

“ಉಳೀಲಿ. ಫ್ರಿಜ್ಜು ನನ್ನ ಮನೇಲಿ ತಾನೇ ಇರೋದು?” ಲಾಂಡ್ರಿಯವಳು ಟ್ರಂಕು ತೆರೆದು ಸಾಲದ ಕಾಗದ, ತನ್ನ ಗುರುತಿನ ಚೀಟಿ ಎರಡನ್ನೂ ತೆಗೆದಳು. “ನನ್ನ ಕಾಗದ ಕೊಟ್ರೆ ಬೇಗ ಬಗೆಹರಿಯುತ್ತೆ ಅಂದ್ರೆ ನಾನೂ ಬರ್ತೀನಿ, ನಡೀರಿ ಅಕ್ಕ.”

“ಇಬ್ಬರೂ ಒಂದೇ ದಿನ ಹುಟ್ಟಿದೀವಿ, ನಾನು ಹೇಗೆ ಅಕ್ಕ ಆದೆ?”

“ನಾನು ಹುಟ್ಟಿದ್ದು ಸಂಜೆ.”

“ಹಂಗಾದ್ರೆ ಸರಿ. ನಾನು ಬೆಳಿಗ್ಗೆ.”

ಖಾಲಿ ವ್ಯಾನಿನಲ್ಲಿ ಇಬ್ಬರೂ ಜೆರಾಕ್ಸ್ ಅಂಗಡಿಗೆ ಹೋದರು. ನಾದಿನಿ ಎರಡು ಚೀಟಿಗಳನ್ನೂ ಸ್ಕ್ಯಾನ್ ಮಾಡಿ ದೂರು ಕಳಿಸಿದಳು. ಸಾಲ ಕೊಟ್ಟ ಕಂಪನಿ ನೋಡಿ ಒಪ್ಪಬೇಕು, ಒಂದು ತಿಂಗಳು ಹಿಡಿಯಬಹುದು ಎಂದಿತು ಪರದೆ. ಆಮೇಲೆ ನಾದಿನಿ ಲಾಂಡ್ರಿಯವಳ ಕಡೆ ತಿರುಗಿ ಹೇಳಿದಳು: “ಕಡಿಮೆ ದುಡ್ಡಿಗೆ ಇತ್ಯರ್ಥ ಮಾಡ್ಕೊಳ್ಳೋಣ ಅಂತ ವಸೂಲಿಯವರು ಕರೀತಾರೆ. ಒಪ್ಪಬೇಡಿ, ರಿಪೋರ್ಟಲ್ಲಿ ಆ ಕಲೆ ವರ್ಷಗಟ್ಟಲೆ ಉಳಿಯುತ್ತೆ. ನಿಧಾನ ಆದರೂ ಪೂರ್ತಿ ಕಟ್ಟಿ, ತೀರಿದ ಮೇಲೆ ಪತ್ರ ಇಸ್ಕೊಳ್ಳಿ.”

ಅವತ್ತು ರಾತ್ರಿ ಊಟಕ್ಕೆ ಕೂತಾಗ ವ್ಯಾನಕ್ಕ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೇಳಿ, ತಟ್ಟೆ ನೋಡುತ್ತ, “ನಾನು ಹಾಗೆ ಕೇಳಬಾರದಿತ್ತು,” ಎಂದ. “ಹೂಂ, ಕೇಳಬಾರದಿತ್ತು,” ಎಂದಳು ಅವಳು. ಅಲ್ಲಿಗೆ ಆ ಮಾತು ಮುಗಿಯಿತು.

ದೂರು ಕೊಟ್ಟ ಇಪ್ಪತ್ತಾರನೆಯ ದಿನ ರಿಪೋರ್ಟು ಸರಿಯಾಯಿತು. ಆದರೆ ತಿಂಗಳ ಕೊನೆ ಅದಕ್ಕೆ ಮುಂಚೆಯೇ ಬಂದು ಹೋಗಿತ್ತು. ಯಜಮಾನರು ಒಂದು ವಾರ ಹೆಚ್ಚು ಕಾದು, ಆಮೇಲೆ ಮುಖ ಸಣ್ಣದು ಮಾಡಿಕೊಂಡು ಗಾಡಿಯನ್ನು ಬೇರೆಯವರಿಗೆ ಕೊಟ್ಟಿದ್ದರು. ಅದು ಕೊನೆಯ ಸಲ ಬೀದಿಯ ತಿರುವು ದಾಟಿದ ದಿನ ವ್ಯಾನಕ್ಕ ಅತ್ತಿದ್ದಳು. ಎರಡು ತಿಂಗಳು ಬಾಡಿಗೆ ಗಾಡಿ ಓಡಿಸಿದಳು. ಕೊನೆಗೆ ಅದೇ ಅಧಿಕಾರಿ ಸಾಲಕ್ಕೆ ಸಹಿ ಹಾಕಿದರು. ಬಂದದ್ದು ಹಳೆಯದಕ್ಕಿಂತ ನಾಲ್ಕು ಸೀಟು ಚಿಕ್ಕದಾದ, ಒಂದು ಕಡೆ ಬಣ್ಣ ಕಿತ್ತುಹೋದ ವ್ಯಾನು. ಆರ್‌ಸಿ ಪುಸ್ತಕದಲ್ಲಿ ತನ್ನ ಹೆಸರನ್ನು ಅವಳು ಬೆರಳಿಟ್ಟು ಎರಡು ಸಲ ಓದಿದಳು.

ಲಾಂಡ್ರಿಯವಳು ಕೆಲಸಕ್ಕೆ ಮರಳಿ, ಬಾಕಿಯನ್ನು ಏಳು ತಿಂಗಳಲ್ಲಿ ತೀರಿಸಿದಳು. ಕಂಪನಿಯ ಪತ್ರ ಕೈಗೆ ಬಂದ ಬೆಳಿಗ್ಗೆ, ಐಸ್ ಫ್ಯಾಕ್ಟರಿ ಹಿಂದಿನ ರಸ್ತೆಯಲ್ಲಿ ವ್ಯಾನಿಗಾಗಿ ಕಾದು ನಿಂತಿದ್ದಳು.

“ಎಲ್ಲ ಕಟ್ಟಿದೆ ಅಕ್ಕ. ಆದರೂ ಸ್ಕೋರ್ ಚೂರೇ ಚೂರು ಏರಿದೆ.”

“ಏರುತ್ತೆ ಬಿಡು, ನಿಧಾನಕ್ಕೆ. ಎಲ್ಲಿಗೆ ಹೊರಟೆ, ಲಾಂಡ್ರಿಗಾ?” ವ್ಯಾನಕ್ಕ ಮುಂದಿನ ಸೀಟಿನ ಮೇಲಿದ್ದ ಊಟದ ಡಬ್ಬಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. “ಹತ್ತು, ದಾರೀಲೇ ಇಳಿಸ್ತೀನಿ.”