ಇನಾಯತ್ ಸಾಬರು ಓದಿ ಹೇಳಿದ ವರದಿ

ನಮ್ಮೂರು ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇದೆ. ಇಲ್ಲಿ ಉರ್ದು ಪೇಪರಿನ ವರದಿಗಾರ ಅಂದರೆ ನನ್ನ ಪಕ್ಕದ ಮನೆಯ ಇನಾಯತ್ ಸಾಬರು ಒಬ್ಬರೇ. ಹೊಟ್ಟೆಪಾಡಿಗೆ ಹೊಲಿಗೆ ಮಿಷನ್ನು, ಮರ್ಯಾದೆಗೆ ಪೇಪರು. ಸುದ್ದಿ ಸಿಕ್ಕಿದ ದಿನ ಮಿಷನ್ನು ಮುಟ್ಟುವುದಿಲ್ಲ. ಯುಗಾದಿಗೆಂದು ಕೊಟ್ಟ ನನ್ನ ರವಿಕೆ ಗೌರಿ ಹಬ್ಬಕ್ಕೆ ಕೈಗೆ ಬಂತು. ಕೇಳಿದರೆ, "ಮಧ್ಯ ಎಲೆಕ್ಷನ್ ಬಂತಲ್ಲಮ್ಮಾ" ಅಂದರು.

ಅವರ ಕೆಲಸದ ಕ್ರಮ ಹೀಗೆ. ಹಾಳೆಯ ಮೇಲೆ ಬಲದಿಂದ ಎಡಕ್ಕೆ ಬರೆದು, ಹೆಂಡತಿ ಮೆಹರುನ್ನೀಸಾಗೆ ಗಟ್ಟಿಯಾಗಿ ಓದುತ್ತಾರೆ. ಆಕೆ ತಲೆದೂಗಿದರೆ ಮೊಬೈಲಿನಲ್ಲಿ ಫೋಟೊ ತೆಗೆದು ಬೆಂಗಳೂರಿಗೆ ಕಳಿಸುತ್ತಾರೆ. ಅಚ್ಚಾದ ಪೇಪರು ಹಾಸನದ ಬಸ್ಸಿನಲ್ಲಿ ಬರುತ್ತದೆ. ಅಲ್ಲಿಗೆ ಬೇರೆ ವರದಿಗಾರರ ಕೆಲಸ ಮುಗಿದರೆ ಇವರದು ಶುರುವಾಗುತ್ತದೆ. ನಮ್ಮ ಪಂಚಾಯ್ತಿ ಆಫೀಸಿನಲ್ಲಿ ಉರ್ದು ಓದಬಲ್ಲವರು ಯಾರೂ ಇಲ್ಲ. ಹಾಗಾಗಿ ಯಾರನ್ನು ಬೈದು ಬರೆದಿದ್ದಾರೋ ಅವರ ಮುಂದೆ ಇವರೇ ನಿಂತು ಕನ್ನಡದಲ್ಲಿ ಓದಿ ಹೇಳಬೇಕು. ಬರೆಯುವ ಕೈಗಿದ್ದ ಧೈರ್ಯ ಓದುವ ಬಾಯಿಗೆ ಇರಲಿಲ್ಲ ಎನ್ನುವುದು ನಮಗೆ ತಡವಾಗಿ ತಿಳಿಯಿತು.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಪೈಪು ಚರಂಡಿಯೊಳಗೆ ಒಡೆದು ನಲ್ಲಿಯಲ್ಲಿ ಕಪ್ಪು ನೀರು ಬರತೊಡಗಿತು. ಸಾಬರ ಮಗಳು ಸಮೀನಾ ಆಗ ಹಸಿ ಬಾಣಂತಿ. ಆ ನೀರು ಕುಡಿದು ವಾಂತಿಭೇದಿಯಾಗಿ ಆಸ್ಪತ್ರೆ ಸೇರಿ ಬಂದಳು. ಮಂಡಿನೋವಿನ ಮೆಹರುನ್ನೀಸಾ ಕೂಸಿನ ಸ್ನಾನಕ್ಕೂ ಊರಾಚೆಯ ಬೋರ್‌ವೆಲ್ಲಿನಿಂದ ನೀರು ಹೊತ್ತಳು.

ಸಾಬರು ವರದಿ ಬರೆದರು. ಪಂಚಾಯ್ತಿಯ ಪಿಡಿಓ ಸುದರ್ಶನ್ ಅವರಿಗೆ ಓದಿ ಹೇಳಲು ಇಸ್ತ್ರಿ ಅಂಗಿ ತೊಟ್ಟು ಹೋದರು. ಬರುವಾಗ ಮುಖದಲ್ಲಿ ಕಳೆ.

"ಸಾಹೇಬ್ರು ಟೀ ತರಿಸಿದ್ರು."

"ಪೈಪು?" ಎಂದಳು ಹೆಂಡತಿ.

"ನೋಡಾನ ಅಂದ್ರು."

ಇನ್ನೊಂದು ವರದಿಯಾಯಿತು, ಇನ್ನೊಂದು ಟೀ ಆಯಿತು. ನಲ್ಲಿಯ ನೀರು ಕಪ್ಪಾಗಿಯೇ ಇತ್ತು.

"ಲಕ್ಕಮ್ಮಕ್ಕ, ಅಂಥ ಬೈಗುಳ ಕೇಳಿನೂ ಟೀ ಕುಡಿಸ್ತಾರೆ ಅಂದ್ರೆ ಆ ಸಾಹೇಬ್ರು ದೇವ್ರಂಥೋರು ಇರ್ಬೇಕು. ಇಲ್ಲಾ ನಮ್ಮನೆಯೋರು ಅಲ್ಲಿ ಬ್ಯಾರೆ ಏನೋ ಓದ್ತಾವ್ರೆ," ಎಂದಳು ಮೆಹರುನ್ನೀಸಾ.

"ನಡಿ ಮತ್ತೆ, ಕೇಳ್ಕಂಡೇ ಬರಾನ," ಎಂದೆ.

ಮೂರನೆಯ ವರದಿ ಬಂದ ದಿನ ಸಾಬರ ಹಿಂದೆಯೇ ಹೋಗಿ ಪಂಚಾಯ್ತಿ ಬಾಗಿಲಲ್ಲಿ ನಿಂತೆವು. ಸಾಬರು ಪೇಪರು ಬಿಡಿಸಿ ಗಂಟಲು ಸರಿಮಾಡಿಕೊಂಡರು.

"ನೀರು ವಸಿ ಬಣ್ಣ ತಿರುಗೈತೆ ಅಂತ ಬರ್ದಿದೀನಿ ಸಾ. ಅಧಿಕಾರಿಗಳು ಕೆಲ್ಸ ಜಾಸ್ತಿಯಾಗಿ ದಣಿದವ್ರೆ, ಅವ್ರ ಆರೋಗ್ಯನೂ ನೋಡ್ಕೋಬೇಕು ಅಂತ ಬರ್ದಿದೀನಿ."

"ನಮ್ ಕಷ್ಟ ಬರ್ಯೋರು ನೀವೊಬ್ರೇ ಕಣ್ರಿ ಇನಾಯತ್," ಎಂದು ಪಿಡಿಓ ಕನ್ನಡಕ ಒರೆಸಿಕೊಂಡರು. "ಲೋ ರಜನೀಶ, ಟೀ ಹೇಳ್ಲಾ!"

"ಟೀ ಬ್ಯಾಡಿ ಸಾ, ಯಾವ ನೀರಲ್ಲಿ ಮಾಡವ್ರೋ," ಎನ್ನುತ್ತಾ ಮೆಹರುನ್ನೀಸಾ ಒಳಗೆ ಹೋಗಿ ಗಂಡನ ಕೈಯಿಂದ ಪೇಪರು ತೆಗೆದುಕೊಂಡಳು.

"ಮೆಹರೂ, ನೀನ್ ಮನೆಗೋಗು," ಎಂದರು ಸಾಬರು, ಮೆಲ್ಲಗೆ.

ಆಕೆ ಸಾಲಿನ ಬಲತುದಿಗೆ ಬೆರಳಿಟ್ಟು ಓದಿದಳು. ಒಂದು ಸಾಲು ಉರ್ದು, ಅದರ ಹಿಂದೆಯೇ ಕನ್ನಡ.

"ಈ ಬೀದಿ ಜನ ನೀರು ಕುಡೀತಾ ಇಲ್ಲ, ಚರಂಡಿ ಕುಡೀತಾವ್ರೆ. ಒಬ್ಳು ಬಾಣಂತಿ ಕುಡಿದು ಆಸ್ಪತ್ರೆ ಸೇರಿದ್ಲು. ಅಧಿಕಾರಿಗಳು ಮಲಗವ್ರೋ ಸತ್ತವ್ರೋ, ಯಾರಾದ್ರೂ ನಾಡಿ ಹಿಡಿದು ನೋಡ್ಬೇಕು."

ಸಾಬರು ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುತ್ತಿದ್ದರು.

"ಇದೇನ್ರಿ ಇನಾಯತ್! ಹಿಂದಿನ ಎರಡೂ ಹಿಂಗೇನಾ?"

ಸಾಬರು ಸ್ವಲ್ಪ ಯೋಚಿಸಿದರು. ಬರೆದವರ ಅಭಿಮಾನ ಬಿಡಬೇಕಲ್ಲ. "ಅವು ಇದಕ್ಕಿಂತ ಖಾರ ಇದ್ವು ಸಾ," ಎಂದರು.

ಪಿಡಿಓ ನಗಲಿಲ್ಲ. "ಯಾರದು ಬಾಣಂತಿ?"

"ನನ್ ಮಗಳು ಸಾ," ಎಂದಳು ಮೆಹರುನ್ನೀಸಾ. ಗಂಡನ ಕಡೆ ನೋಡಿ, "ಇವ್ರ ಮಗಳೂ ಔದು," ಎಂದು ಸೇರಿಸಿದಳು.

"ಒಂದ್ ಮಾತು ಹೇಳ್ಬಾರ್ದಾ ಮಾರಾಯ್ರೆ?"

"ಮನೆ ವಿಷ್ಯ ಅಲ್ವಾ ಸಾ... ಹೇಳಕ್ಕೆ ಸಂಕೋಚ ಆಯ್ತು."

ಪಿಡಿಓ ಎದ್ದು ನಮ್ಮ ಜೊತೆಗೇ ಬೀದಿಗೆ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ನಲ್ಲಿ ತಿರುಗಿಸಿ ನೋಡಿದರು. ಮಾರನೆಯ ದಿನ ಚರಂಡಿ ಅಗೆದು ಹೊಸ ಪೈಪು ಕೂರಿಸಿದರು. ಮೊದಲು ಕೆಂಪು ಬಂತು, ಆಮೇಲೆ ಮಂಜು ಮಂಜು, ಸಂಜೆಯ ಹೊತ್ತಿಗೆ ತಿಳಿ ನೀರು. ಆವತ್ತು ಕೂಸಿಗೆ ಮನೆಯ ನಲ್ಲಿಯ ನೀರಲ್ಲೇ ಸ್ನಾನವಾಯಿತು. ಅದರ ಅಳು ನನ್ನ ಅಡುಗೆಮನೆವರೆಗೂ ಕೇಳಿಸಿತು.

ಸಾಬರು ಆಗಲೇ ಹಾಳೆ ಹಿಡಿದು ಕೂತಿದ್ದರು. "ಪಂಚಾಯ್ತಿಗೆ ಧನ್ಯವಾದ ಬರೀತಾ ಇದೀನಿ. ನಿನ್ ಹೆಸ್ರೂ ಹಾಕ್ಲಾ ಮೆಹರೂ?"

"ಬ್ಯಾಡಿ," ಎಂದಳು ಆಕೆ, ಕೂಸಿನ ತಲೆ ಒರೆಸುತ್ತಾ. "ಆಮೇಲೆ ಅದನ್ನೂ ಓದಿ ಹೇಳಕ್ಕೆ ನಾನೇ ಓಗ್ಬೇಕಾಯ್ತದೆ."