ಕದಿರಪ್ಪ ಮೇಸ್ತ್ರಿ ತಿಕ್ಕಿದ ಗುಮ್ಮಟ

“ಹೆಬ್ಬಾಳದ ಕೆರೆ ಬತ್ತಿದ್ರೂ ಗಾರೆ ಗುಟ್ಟು ನನ್ನ ಬಾಯಿಂದ ಬರಾಕಿಲ್ಲ” ಎಂದು ಶೆಟ್ಟಿಹಳ್ಳಿಯ ಕದಿರಪ್ಪ ಮೇಸ್ತ್ರಿ ಇಪ್ಪತ್ತು ವರ್ಷ ಕೊಚ್ಚಿಕೊಂಡಿದ್ದ. ಹೆಂಡತಿ ಬೈರಮ್ಮನಿಗೂ ಹೇಳಿರಲಿಲ್ಲ. ಆಕೆ ಕೇಳಿಯೂ ಇರಲಿಲ್ಲ, ಅದು ಬೇರೆ ಮಾತು.

ಐವತ್ತೆಂಟನೇ ಇಸವಿಯಲ್ಲಿ ಜಾಲಹಳ್ಳಿಯ ಆಚೆ ಬುದ್ಧನ ಗುಡಿಯೊಂದು ಎದ್ದಿತು. ನಕ್ಷೆ ಬರೆದವರು ಜಯಸಿಂಹ ಎಂಬ ಇಂಜಿನಿಯರು. ಗೋಪುರವಿಲ್ಲ, ಕಂಬವಿಲ್ಲ; ಬೋಗುಣಿ ಬೋರಲು ಹಾಕಿದಂಥ ಬಿಳಿ ಗುಮ್ಮಟ, ನೆತ್ತಿಯಲ್ಲಿ ಬೆಳಕಿಗೊಂದು ಕಿಂಡಿ, ಅದರಡಿ ಬುದ್ಧ. ಊರವರು ಮೊದಲು ನೀರಿನ ಟ್ಯಾಂಕೆಂದು ನಕ್ಕರು. ಕದಿರಪ್ಪ ಗಾರೆ ಬಳಿದು, ನುಣುಪು ಕಲ್ಲಿನಿಂದ ಮೂರು ತಿಂಗಳು ತಿಕ್ಕಿದ ಮೇಲೆ ಬಾಯಿ ಮುಚ್ಚಿದರು. ಹೆಂಗಸರು ಆ ಗೋಡೆಯಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಂಡರು. ಕಾಗೆಗಳು ತಮ್ಮ ಬಿಂಬದೊಡನೆ ಜಗಳಕ್ಕೆ ಬಿದ್ದು ಗೂಡು ಮರೆತವು. ಯಶವಂತಪುರದ ಸಂತೆಯಲ್ಲಿ ಗಂಟಲು ಹರಿದುಕೊಂಡು ಬಂದವನೂ ಒಳಗೆ ಕಾಲಿಟ್ಟರೆ ಪಿಸುಮಾತಿಗೆ ಇಳಿಯುತ್ತಿದ್ದ.

ಬಾಗಿಲ ಬಳಿಯ ಕಲ್ಲಿನಲ್ಲಿ ಮೇಸ್ತ್ರಿಯ ಹೆಸರನ್ನೂ ಕೆತ್ತಿಸುತ್ತೇವೆಂದು ಸಮಿತಿಯವರು ಮಾತು ಕೊಟ್ಟಿದ್ದರು. ನೂರು ಮನೆ ಕಟ್ಟಿದವನಿಗೆ ಎಲ್ಲೂ ಹೆಸರಿರಲಿಲ್ಲ. ಓದು ಬಾರದ ಕದಿರಪ್ಪ ದಿನಾ ಹೋಗಿ ಆ ಬೋಳು ಕಲ್ಲನ್ನು ಸವರಿ ಬರುತ್ತಿದ್ದ.

ಒಂದು ಮಧ್ಯಾಹ್ನ ಜಯಸಿಂಹ ಅವನ ಪಕ್ಕ ಮರಳಿನ ಮೇಲೆಯೇ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟರು.

“ಕದಿರಪ್ಪನವರೇ, ಈ ಮಿಂಚು ಹೆಂಗ್ ಬಂತು? ನನ್ನಲ್ಲೇ ಇರುತ್ತೆ, ಹೇಳಿ.”

ಜನ್ಮದಲ್ಲಿ ಯಾರೂ ಅವನನ್ನು ‘ಅವರೇ’ ಎಂದಿರಲಿಲ್ಲ. ಹೆಬ್ಬಾಳದ ಕೆರೆ ತುಂಬಿಕೊಂಡೇ ಇತ್ತು, ಗುಟ್ಟು ಹೊರಬಿತ್ತು.

“ಮೊಟ್ಟೆ ಬಿಳಿ, ಸ್ವಾಮಿ. ಸುಣ್ಣಕ್ಕೆ ಕಲಸ್ಬೇಕು.”

ಆ ವರ್ಷ ಅಮೃತಹಳ್ಳಿಯವರೆಗೆ ಒಂದೂ ಕೋಳಿಮರಿ ಹುಟ್ಟದಿದ್ದುದಕ್ಕೆ ಕಾರಣ ಅದೇ.

ಉದ್ಘಾಟನೆಯ ದಿನ ಜಯಸಿಂಹ ಹಾರ ಹಾಕಿಸಿಕೊಂಡು ಗುಮ್ಮಟದ ಹೊಳಪನ್ನೇ ಒಂದು ಗಂಟೆ ಹೊಗಳಿದರು. ಅವನ ಊರಿನವನೇ ಆದ, ನಾಲ್ಕಕ್ಷರ ಓದಿದ್ದ ನನ್ನನ್ನು ಕದಿರಪ್ಪ ಕಲ್ಲಿನ ಮುಂದೆ ನಿಲ್ಲಿಸಿದ.

“ನನ್ನ ಎಸ್ರು ಯಾವ ಸಾಲು, ನೋಡಣ್ಣ.”

ಎರಡು ಸಲ ಓದಿದೆ. ವಿನ್ಯಾಸವೂ ಜಯಸಿಂಹ, ನಿರ್ಮಾಣವೂ ಜಯಸಿಂಹ.

“ಇಲ್ಲ ಕಣೋ” ಎಂದೆ. ಅವನ ಬೆರಳು ಕಲ್ಲಿನ ಮೇಲೆ ಹಾಗೇ ನಿಂತಿತು.

ಅಷ್ಟರಲ್ಲಿ ಜಯಸಿಂಹರೇ ಬಂದರು. “ಬೇಜಾರು ಮಾಡ್ಕೋಬೇಡ ಮೇಸ್ತ್ರಿ. ಮೊಟ್ಟೆ ವಿಷಯ ಸಮಿತಿಗೆ ಹೇಳ್ಲೇಬೇಕಾಯ್ತು. ಅಹಿಂಸೆಯ ಜಾಗ, ನಿನ್ನ ಹೆಸರು ಬೇಡ ಅಂದ್ರು.”

ಕದಿರಪ್ಪ ಗುಮ್ಮಟವನ್ನೊಮ್ಮೆ ನೋಡಿದ, ಅವರ ಹಾರವನ್ನೊಮ್ಮೆ ನೋಡಿದ.

“ಸರಿ ಸ್ವಾಮಿ, ಎಸ್ರು ಬಿಟ್ರಿ. ಮಿಂಚು ಯಾಕೆ ಮಡಿಕ್ಕಂಡ್ರಿ? ಒಂದು ಏಣಿ ಕೊಡ್ಸಿ, ಅದ್ನೂ ಕೆರ್ದು ಕೊಟ್ಟೋಯ್ತೀನಿ.”